ಆ ಊರು ಸುರಕ್ಷಿತವೆ?

ನನ್ನ ಅಣ್ಣನ ಮೊಮ್ಮಗಳೊಬ್ಬಳು ಪರದೇಶದಲ್ಲಿ ಓದುತ್ತಿದ್ದಾಳೆ. ಮಳೆಗಾಲದ ರಜೆಯಲ್ಲಿ ತನ್ನ ಗೆಳತಿಯನ್ನು ಕರೆತಂದು ಗೋಕಾಕ ಫಾಲ್ಸ್ ತೋರಿಸಬೇಕೆಂಬುದು ಅವಳ ಬಹುದಿನದ ಆಸೆ. ಆದರೆ ಆ ಗೆಳತಿಯ ತಾಯಿ ಮೊದಲು ಕೇಳಿದ ಪ್ರಶ್ನೆ ಒಂದೇ: ಆ ಊರು ಸುರಕ್ಷಿತವೆ? ಪ್ರಶ್ನೆ ಸಮುದ್ರ ದಾಟಿ ನನ್ನವರೆಗೆ ಬಂದಿತು. ಅಮೆರಿಕದ ವಿದೇಶಾಂಗ ಇಲಾಖೆಯವರು ೨೦೧೮ರಿಂದ ಜಗತ್ತಿನ ದೇಶಗಳನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿ ತಮ್ಮ ಪ್ರವಾಸಿಗಳಿಗೆ ಸೂಚನೆ ಕೊಡುತ್ತಾರಂತೆ. ಮೊದಲನೆಯ ದರ್ಜೆಯ ದೇಶಕ್ಕೆ ಸಾಮಾನ್ಯವಾದ ಎಚ್ಚರ ಸಾಕು. ನಾಲ್ಕನೆಯದಕ್ಕೆ ಹೋಗಲೇಬೇಡಿ ಎಂದರ್ಥ. ನಾನು ಪೊಲೀಸ್ ಅಧಿಕಾರಿಯಲ್ಲ, ಪ್ರವಾಸೋದ್ಯಮದವನೂ ಅಲ್ಲ. ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. ನನ್ನ ಊರು ಯಾವ ದರ್ಜೆಯದೆಂದು ಹೇಗೆ ಹೇಳಲಿ? ಉತ್ತರ ಬರೆಯಲು ಕುಳಿತವನಿಗೆ ಎಂಟು ದಿನ ಹಿಡಿಯಿತು. ಆ ಎಂಟು ದಿನಗಳ ಯೋಚನೆಯನ್ನು ಕೇಳುಗರ ಮುಂದೆ ಇಡುತ್ತಿದ್ದೇನೆ.

ಪ್ರಶ್ನೆಯೇನೋ ಹಳೆಯದು. ಹಳಗನ್ನಡದಲ್ಲಿ ದಾರಿಗೆ 'ಬಟ್ಟೆ' ಎಂದು ಹೆಸರು. ಆ ಬಟ್ಟೆಯಲ್ಲಿ ನಡೆಯುವುದು ಎದೆಗಾರಿಕೆಯ ಕೆಲಸವಾಗಿತ್ತೆಂಬುದಕ್ಕೆ ಅಯ್ಯಾವೊಳೆಯ ಐನೂರ್ವರೇ ಸಾಕ್ಷಿ. ದೇಶದೇಶಗಳನ್ನು ಸುತ್ತಿ ಸರಕು ಮಾರಿದ ಆ ವರ್ತಕರು ತಮ್ಮ ಧರ್ಮವನ್ನು 'ವೀರ ಬಣಂಜು ಧರ್ಮ'ವೆಂದು ಕರೆದುಕೊಂಡರು. ಮೆಣಸು, ಕರ್ಪೂರ ಮಾರುವವನಿಗೂ 'ವೀರ' ಎಂಬ ವಿಶೇಷಣ ಬೇಕಾಗಿದ್ದ ಕಾಲ ಅದು.

ಆದರೆ ನಮ್ಮ ನಾಡಿನ ನಿರ್ಭಯತೆಯನ್ನು ಹೊರಗಿನವನೊಬ್ಬ ಬಾಯಿ ತುಂಬ ಹೊಗಳಿದ್ದೂ ಉಂಟು. ಮೊರಾಕ್ಕೋ ದೇಶದ ಇಬ್ನ ಬತೂತ ಹದಿನಾಲ್ಕನೆಯ ಶತಮಾನದ ನಲವತ್ತರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದ. ಗೋವೆಯಿಂದ ಕೊಲ್ಲಮ್ಮಿನವರೆಗೆ ಎರಡು ತಿಂಗಳ ಹಾದಿ. ಅರ್ಧರ್ಧ ಮೈಲಿಗೆ ಒಂದು ಮರದ ಮನೆ, ಕುಳಿತುಕೊಳ್ಳಲು ಕಟ್ಟೆ, ಕುಡಿಯಲು ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಒಂದು ಕಾಯಿ ಕದ್ದವನಿಗೂ ಅಲ್ಲಿ ಮರಣದಂಡನೆ. ಆದ್ದರಿಂದ ಇಷ್ಟು ಸುರಕ್ಷಿತವಾದ ದಾರಿಯನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದು ಅವನು ಹೇಳುತ್ತಾನೆ. ಇಂದಿನ ಲೆಕ್ಕದಲ್ಲಿ ಅದು ಮೊದಲನೆಯ ದರ್ಜೆಯ ನಾಡು. ಮುಂದೆ ಆದದ್ದೇನು? ಕೆಲವು ಕಾಲದ ಮೇಲೆ ಇದೇ ಇಬ್ನ ಬತೂತ ಕೊಲ್ಲಮ್ಮಿನಿಂದ ಹಡಗು ಹತ್ತಿ ಹೊನ್ನಾವರದ ಕಡೆಗೆ ಬರುತ್ತಿದ್ದ. ಹೊನ್ನಾವರಕ್ಕೂ ಬಾರಕೂರಿಗೂ ನಡುವೆ ಹನ್ನೆರಡು ಹಡಗುಗಳ ಕಡಲುಗಳ್ಳರು ಅವನನ್ನು ಮುತ್ತಿದರು. ಸಿಂಹಳದ ರಾಜ ಕೊಟ್ಟ ರತ್ನಗಳು ಹೋದವು, ಉಟ್ಟ ಬಟ್ಟೆ ಹೋಯಿತು, ಕೊನೆಗೆ ಉಳಿದದ್ದು ಒಂದು ಇಜಾರ. ಬುಖಾರಾ ನಗರದ ವಿದ್ವಾಂಸರ ಗೋರಿಗಳಿಂದ ಅವನು ನಕಲು ಮಾಡಿಕೊಂಡಿದ್ದ ಬರಹಗಳೂ ಆ ಲೂಟಿಯಲ್ಲಿ ಕಳೆದವು. ರತ್ನಗಳಿಗಾಗಿ ನನಗೆ ದುಃಖವಿಲ್ಲ. ಶಾಸನಗಳ ನಕಲು ಮಾಡಿ ಬೆನ್ನು ಬಾಗಿಸಿಕೊಂಡವನಾದ್ದರಿಂದ ಆ ಟಿಪ್ಪಣಿಗಳಿಗಾಗಿ ಈಗಲೂ ಮರುಗುತ್ತೇನೆ.

ಅವನು ಸುಳ್ಳು ಹೇಳಿದನೆ? ಇಲ್ಲ. ದಾರಿ ನಿಜವಾಗಿ ನಿರ್ಭಯವಾಗಿತ್ತು. ಅವನು ಅಳೆದದ್ದು ನೆಲವನ್ನು, ಅಪಾಯ ಕಾದಿದ್ದದ್ದು ನೀರಿನಲ್ಲಿ. ಗೋಕಾಕ ಫಾಲ್ಸಿನ ಕಥೆ ಹೇಳುವಾಗ ಈ ಮಾತನ್ನು ನೆನಪಿನಲ್ಲಿಡಬೇಕು.

ನಮ್ಮ ಬೆಳಗಾವಿ ಸೀಮೆಯ ದಾರಿಗಳು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಿರ್ಭಯವಾಗಿರಲಿಲ್ಲ. ೧೮೦೦ರಲ್ಲಿ ಧೋಂಡಿಯಾ ವಾಘನ ದಂಡು ಮಲಪ್ರಭೆಯ ಆಚೆ ಈಚೆ ಅಲೆಯುತ್ತಿತ್ತು. ಅವನ ಬೆನ್ನು ಹತ್ತಿದ ಕರ್ನಲ್ ವೆಲ್ಲೆಸ್ಲಿಯ ಸೈನ್ಯ ಇನ್ನೊಂದು ಕಡೆ. ಎರಡು ದಂಡುಗಳ ನಡುವೆ ಸಿಕ್ಕ ರೈತನಿಗೆ ಯಾವುದು ಕಳ್ಳರದು, ಯಾವುದು ದೊರೆಗಳದು ಎಂಬ ಭೇದ ಹೆಚ್ಚು ತಿಳಿದಿರಲಾರದು. ಒಂದು ಸಂಗತಿ ಗಮನಿಸತಕ್ಕದ್ದು: ಆ ಕಾಲದ ಸೈನ್ಯಗಳಿಗೆ ಕಾಳುಕಡಿ ಮುಟ್ಟಿಸುತ್ತಿದ್ದವರು ಎತ್ತುಗಳ ಮೇಲೆ ಹೇರು ಹೊತ್ತ ಲಮಾಣಿಗರು. ವೆಲ್ಲೆಸ್ಲಿಯೂ ಅವರನ್ನೇ ನೆಚ್ಚಿಕೊಂಡಿದ್ದ. ಕರಾವಳಿಯ ಉಪ್ಪನ್ನು ಬಯಲುಸೀಮೆಗೆ ತಂದವರಲ್ಲಿ ಇವರೂ ಕೊರವರೂ ಮುಖ್ಯರು. ಕಾಡು, ಘಟ್ಟ, ಹೊಳೆಯ ಹಾಯಿಗಡ, ಎಲ್ಲವೂ ಅವರಿಗೆ ಕರತಲಾಮಲಕ.

೧೮೩೯ರಲ್ಲಿ ಮೆಡೋಸ್ ಟೇಲರನ ಠಗ್ಗನ ಕಥೆ ಲಂಡನ್ನಿನಲ್ಲಿ ಪ್ರಕಟವಾಯಿತು. ಟೇಲರ್ ಮುಂದೆ ನಮ್ಮ ಸುರಪುರದಲ್ಲಿಯೇ ಅಧಿಕಾರಿಯಾಗಿದ್ದವನು. ಜನರ ಬಗ್ಗೆ ಪ್ರೀತಿಯುಳ್ಳವನು. ಆದರೆ ಅವನ ಕಾದಂಬರಿಯನ್ನು ಓದಿದ ಇಂಗ್ಲಿಷರಿಗೆ ಹಿಂದುಸ್ಥಾನದ ಪ್ರತಿಯೊಂದು ದಾರಿಯಲ್ಲಿಯೂ ರುಮಾಲು ಹಿಡಿದ ಕೊರಳುಬಿಗಿಗಾರ ಕಾಣತೊಡಗಿದ. ಠಗ್ಗರು ಇರಲೇ ಇಲ್ಲವೆಂದು ಹೇಳುವಷ್ಟು ದೂರ ನಾನು ಹೋಗಲಾರೆ. ಆದರೆ ಎಷ್ಟು ಮಂದಿ ಇದ್ದರು, ಎಷ್ಟು ಮಂದಿಯನ್ನು ಭಯವೇ ಸೃಷ್ಟಿಸಿತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ನನಗೆ ಮುಖ್ಯವೆನಿಸುವುದು ೧೮೩೬ರ ಕಾಯಿದೆ. ಒಬ್ಬ ಮನುಷ್ಯ ಯಾರನ್ನು ಕೊಂದ, ಎಂದು ಕೊಂದ ಎಂಬುದನ್ನು ಸಿದ್ಧಪಡಿಸುವ ಅಗತ್ಯ ಅಲ್ಲಿರಲಿಲ್ಲ. ಠಗ್ಗರ ಗುಂಪಿಗೆ ಎಂದಾದರೂ ಸೇರಿದ್ದನೆಂದು ತೋರಿದರೆ ಜೀವಾವಧಿ ಶಿಕ್ಷೆ ವಿಧಿಸಬಹುದಾಗಿತ್ತು. ಅಪರಾಧ ಕೃತ್ಯದಿಂದ ಕಳಚಿ ಮನುಷ್ಯನ ಹೆಸರಿಗೆ ಅಂಟಿಕೊಂಡದ್ದು ಇಲ್ಲಿಂದ. ೧೮೭೧ರ ಕಾಯಿದೆ ಇನ್ನೂ ಮುಂದೆ ಹೋಗಿ ಇಡಿಯ ಕುಲಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಸಾರಿತು. ೧೯೧೧ರಲ್ಲಿ ಅದು ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿತು. ಆ ಹೊತ್ತಿಗಾಗಲೇ ರೈಲು ಬಂದು ಹೇರೆತ್ತಿನ ವ್ಯಾಪಾರ ಮುರಿದು ಬಿದ್ದಿತ್ತು. ದಾರಿಯನ್ನೇ ನಂಬಿದ್ದವರು, ದಾರಿಯಲ್ಲಿ ಕೆಲಸವಿಲ್ಲದೆ ಕಾಣಿಸಿಕೊಂಡದ್ದರಿಂದಲೇ ಸಂಶಯಕ್ಕೆ ಗುರಿಯಾದರು. ಕೊರವರು, ಗಂಟಿಚೋರರು, ಎಷ್ಟೋ ಕಡೆ ಲಮಾಣಿಗರೂ ಪಟ್ಟಿಗೆ ಸೇರಿದರು. 'ಗಂಟಿಚೋರ' ಎಂಬ ಹೆಸರನ್ನೇ ನೋಡಿ. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಆ ಹೆಸರಿನಲ್ಲಿಯೇ ತೀರ್ಪು ಬರೆದಿದೆ.

ಅವರನ್ನು ಇರಿಸಲು ಸರಕಾರ ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮುಂತಾದ ಕಡೆ ಬೇಲಿ ಹಾಕಿದ ವಸಾಹತುಗಳನ್ನು ತೆರೆಯಿತು. ಜನ ಅವುಗಳನ್ನು 'ಸೆಟ್ಲಮೆಂಟ' ಎಂದೇ ಕರೆದರು. ಅವುಗಳಲ್ಲಿ ಒಂದು ಗೋಕಾಕ ಫಾಲ್ಸಿನಲ್ಲಿ ಇತ್ತು. ಘಟಪ್ರಭೆ ಧುಮುಕುವ ಕಡೆ ೧೮೮೦ರ ದಶಕದಲ್ಲಿಯೇ ನೂಲಿನ ಗಿರಣಿ ಎದ್ದಿತ್ತು. ಧುಮುಕುವ ನೀರಿನ ಬಲದಿಂದಲೇ ಯಂತ್ರ ತಿರುಗಿಸುವ ಸಾಹಸ ಅದು. ಗಿರಣಿಗೆ ಕೈಗಳು ಬೇಕು, ಸೆಟ್ಲಮೆಂಟಿನಲ್ಲಿ ಕೈಗಳಿದ್ದವು. ಬೆರಳಚ್ಚು, ಹಾಜರಿ, ಹೊರಗೆ ಹೋಗಬೇಕಾದರೆ ಪಾಸು. ಪ್ರವಾಸಿಯ ದಾರಿ ನಿರ್ಭಯವಾಗಲೆಂದು ಇನ್ನೊಬ್ಬನ ಪ್ರಯಾಣವನ್ನೇ ನಿಲ್ಲಿಸಿದ ವ್ಯವಸ್ಥೆ ಅದು. ಶಾಲೆ, ದವಾಖಾನೆ, ಕೆಲಸ ಅಲ್ಲಿ ಸಿಕ್ಕಿತೆಂಬ ಮಾತನ್ನೂ ಕೇಳಿದ್ದೇನೆ. ಅಲ್ಲಗಳೆಯುವುದಿಲ್ಲ. ಆದರೆ ಪಾಸು ಇಲ್ಲದೆ ತಂಗಿಯ ಮದುವೆಗೂ ಹೋಗಲಾರದವನಿಗೆ ಅದರ ಬೆಲೆ ಎಷ್ಟೆಂಬುದನ್ನು ನಾವು ನಿರ್ಣಯಿಸಬಾರದು.

ದೇಶದಾದ್ಯಂತ ಆ ಕಾಯಿದೆ ರದ್ದಾದದ್ದು ೧೯೫೨ರಲ್ಲಿ. ನಾನು ಹುಟ್ಟಿದ್ದು ಅನಂತರ. ಆದರೂ ನನ್ನ ಅಜ್ಜಿಯ ಮನಸ್ಸಿನಲ್ಲಿ ಅದು ರದ್ದಾಗಿರಲಿಲ್ಲ. ಶಾಲೆಯ ಹುಡುಗರು ನಾವು ಗೋಕಾಕದಿಂದ ನಾಲ್ಕು ಮೈಲಿ ನಡೆದು ಫಾಲ್ಸಿಗೆ ಹೊರಟರೆ ಅವಳ ಎಚ್ಚರಿಕೆ ಒಂದೇ: "ಸೆಟ್ಲಮೆಂಟಿನವರ ಕಡೆ ಹೋಗಬ್ಯಾಡ್ರಿ, ಕಳ್ಳರದಾರು." ಹೊಳೆಯ ವಿಷಯ ಅವಳು ಎತ್ತಿದ್ದು ನನಗೆ ನೆನಪಿಲ್ಲ. ಹೊಳೆ ತಾಯಿ, ತಾಯಿಯ ಬಗ್ಗೆ ಎಚ್ಚರಿಕೆ ಯಾರು ಕೊಡುತ್ತಾರೆ?

ಅದು ಶ್ರಾವಣ ಮಾಸ. ತಲೆಯ ಮೇಲೆ ನಿಚ್ಚಳ ಬಿಸಿಲು. ಮಹಾಲಿಂಗೇಶ್ವರನ ಗುಡಿಗೆ ಕೈ ಮುಗಿದು ನಾವು ನಾಲ್ವರು ಬಂಡೆಗಳ ಮೇಲೆ ಇಳಿದೆವು. ನೀರು ಕೆಂಪಗೆ, ಕುದಿಯುವ ಬೆಲ್ಲದ ಪಾಕದಂತೆ ಹರಿದು ಅಂಚಿನಲ್ಲಿ ಮಾಯವಾಗುತ್ತಿತ್ತು. ಮಾಯವಾದಲ್ಲಿಂದ ಕೆಳಗೆ ೫೨ ಮೀಟರ್ ಆಳ. ಅಂಚಿಗೆ ಅಲ್ಲಿ ಯಾವ ಅಡ್ಡಗಟ್ಟೆಯೂ ಇರಲಿಲ್ಲ. ಆಗ ಹಿಂದಿನಿಂದ ಒಂದು ಗದರಿಕೆ: "ಏ ತಮ್ಮಗೋಳ್ರ್ಯಾ, ಹಸರ ಕಲ್ಲಿನ ಮ್ಯಾಲ ಕಾಲ ಇಡಬ್ಯಾಡ್ರಿ! ನೀರ ಏರಾಕತ್ತೈತಿ!" ತಿರುಗಿ ನೋಡಿದರೆ ತಲೆಗೆ ಟವೆಲ್ ಸುತ್ತಿದ ಮುದುಕ. "ಸೆಟ್ಲಮೆಂಟಿನಾಂವ!" ಎಂದು ನಮ್ಮಲ್ಲೊಬ್ಬ ಕೂಗಿದ. ನಾವು ಎದ್ದುಬಿದ್ದು ಓಡಿದೆವು. ಹೊಳೆಗೆ ಹೆದರಿ ಅಲ್ಲ, ಅವನಿಗೆ ಹೆದರಿ. ಗುಡಿಯ ಮೆಟ್ಟಿಲ ಮೇಲೆ ನಿಂತು ನೋಡುವಾಗ ನಾವು ಕುಳಿತಿದ್ದ ಬಂಡೆಯ ಮೇಲೆ ನೀರು ಹಾಯುತ್ತಿತ್ತು. ಆ ಮನುಷ್ಯನ ಹೆಸರನ್ನು ನಾನು ಎಂದೂ ಕೇಳಲಿಲ್ಲ.

ಘಟಪ್ರಭೆಯ ಸ್ವಭಾವವೇ ಹಾಗೆ. ಮಳೆ ಬೀಳುವುದು ಸಹ್ಯಾದ್ರಿಯಲ್ಲಿ. ಹುಕ್ಕೇರಿಯ ಸೀಮೆ ಹಾಯ್ದು, ಧೂಪದಾಳದ ಒಡ್ಡು ದಾಟಿ ನೀರು ಇಲ್ಲಿಗೆ ಬರುವಾಗ ನಮ್ಮ ಆಕಾಶದಲ್ಲಿ ಒಂದು ಮೋಡವೂ ಇರದಿರಬಹುದು. ಈಗ ಹಿಡಕಲ್ ಜಲಾಶಯದ ಬಾಗಿಲುಗಳೂ ಇವೆ. ಅವು ತೆರೆದಾಗ ಹೊಳೆಯ ಮಟ್ಟ ನೋಡುನೋಡುತ್ತ ಏರುತ್ತದೆ. ೨೦೧೯ರ ಆಗಸ್ಟಿನಲ್ಲಿ ಗೋಕಾಕದ ಓಣಿಗಳೊಳಗೇ ಹೊಳೆ ನುಗ್ಗಿದ್ದನ್ನು ನಾಡೆಲ್ಲ ಕಂಡಿದೆ. ಜಲಪಾತದ ತಲೆಯ ಮೇಲಿನ ಬಂಡೆ ಮರಳುಗಲ್ಲಿನದು. ಸಾವಿರಾರು ವರ್ಷ ನೀರು ತಿಕ್ಕಿ ಕನ್ನಡಿಯಂತಾಗಿದೆ, ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ೨೦೨೧ರ ಅಕ್ಟೋಬರಿನಲ್ಲಿ ತನ್ನ ಚಿತ್ರವನ್ನು ತಾನೇ ಮೊಬೈಲಿನಲ್ಲಿ ತೆಗೆದುಕೊಳ್ಳಲು ಹೋದ ಒಬ್ಬ ಯುವಕ ಅಲ್ಲಿಂದ ಜಾರಿ ಕೆಳಗೆ ಬಿದ್ದ. ರಾತ್ರಿಯೆಲ್ಲ ಅಲ್ಲಿಯೇ ಇದ್ದು, ಅದೇ ಮೊಬೈಲಿನಿಂದ ಗೆಳೆಯರನ್ನು ಕರೆದು, ಮೇಲೆ ಬಂದ. ಇದು ಅದೃಷ್ಟ, ಎಲ್ಲರಿಗೂ ಅದು ಒದಗಿಲ್ಲ.

ಒಂದು ಕಾಲಕ್ಕೆ ಇಲ್ಲಿ ಮನುಷ್ಯರ ಸುತ್ತ ಬೇಲಿ ಇತ್ತು. ಬಂಡೆಯ ಅಂಚಿಗೆ ಇರಲಿಲ್ಲ. ಆಗ ಯಾರಾದರೂ ಈ ಊರಿನ ಅಪಾಯಗಳ ಪಟ್ಟಿ ಮಾಡಿದ್ದರೆ ನಮಗೆ ಕೂಗಿ ಹೇಳಿದ ಆ ಮುದುಕನ ಹೆಸರು ಅದರಲ್ಲಿ ಮೊದಲು ಬರುತ್ತಿತ್ತು, ಪಾಚಿ ಕಟ್ಟಿದ ಕಲ್ಲಿನ ಹೆಸರು ಬರುತ್ತಿರಲಿಲ್ಲ.

ಎಂಟನೆಯ ದಿನ ಮೊಮ್ಮಗಳಿಗೆ ಬರೆದೆ. ಮಳೆಗಾಲದಲ್ಲಿಯೇ ಬನ್ನಿ, ಆಗಲೇ ಅದರ ಸೊಬಗು. ಹೊರಡುವ ಮುಂಜಾನೆ ಹಿಡಕಲ್ಲಿನಿಂದ ನೀರು ಬಿಟ್ಟಿದ್ದಾರೆಯೆ ಎಂದು ವಿಚಾರಿಸಿಕೊಳ್ಳಿ. ತೂಗುಸೇತುವೆಯ ಮೇಲೆ ಬಿಡದಿದ್ದರೆ ಹಟ ಮಾಡಬೇಡಿ. ಹಸಿರು ಕಲ್ಲಿನ ಮೇಲೆ ಕಾಲಿಡಬೇಡಿ. ಅಲ್ಲಿಯ ಜನ ಬೇಡವೆಂದರೆ, ಅವರು ಯಾರೇ ಇರಲಿ, ಹಿಂದಕ್ಕೆ ಬನ್ನಿ. ಕರದಂಟನ್ನು ಮಾತ್ರ ಗೋಕಾಕದ ಪೇಟೆಯಲ್ಲಿ ಕೊಳ್ಳಿ.

ಮರುದಿನವೇ ಉತ್ತರ ಬಂದಿತು: "ಅಜ್ಜಾ, ಎಲ್ಲಾ ಬರದೀರಿ, ಖರೆ. ಆದರ ಅವರ ತಾಯಿ ಕೇಳಿದ್ದು ಕಳ್ಳರ ಬಗ್ಗೆ. ಅದರ ಬಗ್ಗೆ ಏನೂ ಬರದೇ ಇಲ್ಲಲ್ರೀ?"