ಪೌಂಡ್ ಚಿಹ್ನೆಯಾಗಿದ್ದ ಕನ್ನಡ

ಕವಿಶೈಲದ ಬಂಡೆಯ ಮೇಲೆ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಅಕ್ಷರಗಳನ್ನು ಕೆತ್ತಲಾಗಿದೆ. ಕುಪ್ಪಳ್ಳಿಗೆ ಹೋದವರು ಅವುಗಳ ಮೇಲೆ ಒಮ್ಮೆ ಬೆರಳಾಡಿಸದೆ ಬರುವುದಿಲ್ಲ. ಕಳೆದ ಸಲ ಅಲ್ಲಿಂದ ಮನೆಗೆ ಬಂದ ರಾತ್ರಿ, 2003ರಲ್ಲಿ ನಾನೇ ಟೈಪ್ ಮಾಡಿಟ್ಟಿದ್ದ ಲೇಖನವೊಂದರ ಕಡತ ತೆರೆದೆ. ‘ಕನ್ನಡ’ ಎಂದಿರಬೇಕಾದಲ್ಲೆಲ್ಲ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರಗಳು, ನಡುವೆ ‘ನ’ಕಾರದ ಜಾಗದಲ್ಲಿ ಬ್ರಿಟಿಷರ ಪೌಂಡಿನ ಚಿಹ್ನೆ! ಬಂಡೆಯ ಅಕ್ಷರ ಎಷ್ಟೋ ಮಳೆಗಾಲ ಕಂಡೂ ಓದಲು ಬರುತ್ತದೆ; ನನ್ನದು ಇಪ್ಪತ್ತು ವರ್ಷಕ್ಕೇ ಕೈಬಿಟ್ಟಿತ್ತು.

ಕಾರಣ ಗುಟ್ಟೇನಲ್ಲ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷಿಗೆಂದು ಮಾಡಿದ ಮನೆಯಲ್ಲಿ ಬಾಡಿಗೆಗಿದ್ದವು. ಒಂದು ಫಾಂಟಿನಲ್ಲಿ ಇದ್ದದ್ದೇ 256 ಕೋಣೆ. ನಮ್ಮ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡು ಮಾಡಿ ಆ ಕೋಣೆಗಳಿಗೆ ತುಂಬಿದರು. ಯಾವ ತುಂಡು ಯಾವ ಕೋಣೆಗೆ ಎಂಬುದನ್ನು ಒಬ್ಬೊಬ್ಬ ತಯಾರಕ ಒಂದೊಂದು ರೀತಿ ನಿರ್ಧರಿಸಿದ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಇದ್ದದ್ದು ಪೌಂಡ್ ಚಿಹ್ನೆಯೇ. ಅದರ ಮೇಲೆ ಕನ್ನಡದ ಮುಖವಾಡ. ಫಾಂಟ್ ಹೋದರೆ ಮುಖವಾಡ ಕಳಚಿತು.

ಹಾಗೆಂದು ಆ ಕಾಲದವರ ಕೆಲಸವನ್ನು ಹಗುರ ಮಾಡಲಾಗದು. ಕಿನ್ನಿಕಂಬಳ ಪದ್ಮನಾಭರಾಯರು, ಅಂದರೆ ನಮ್ಮ ಕೆ.ಪಿ. ರಾವ್, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಕನ್ನಡ ತಂತ್ರಾಂಶ ಮಾಡಿದರು. ಕಾಗುಣಿತವನ್ನು ಮಗು ಕಲಿಯುವ ಕ್ರಮದಲ್ಲೇ ಬೆರಳೂ ಓಡುವಂಥ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಮನೆಮನೆಯಲ್ಲಿ ಕನ್ನಡ ಟೈಪಿಸುವಂತಾದದ್ದು ಈ ಎರಡರಿಂದ.

ಇಲ್ಲಿ ಕುಪ್ಪಳ್ಳಿಯ ಮನೆತನದ ಇನ್ನೊಬ್ಬರು ಬರುತ್ತಾರೆ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತು ಹಕ್ಕಿಯ ಫೋಟೋ ತೆಗೆಯುತ್ತ, ಕಂಪ್ಯೂಟರನ್ನೂ ಅಷ್ಟೇ ಆಸಕ್ತಿಯಿಂದ ಬಿಚ್ಚಿ ನೋಡುತ್ತಿದ್ದವರು. ಈ ಯಂತ್ರದೊಳಕ್ಕೆ ಸಲೀಸಾಗಿ ಹೋಗಲಾಗದ ಭಾಷೆಗೆ ಉಳಿಗಾಲವಿಲ್ಲ ಎಂಬ ಆತಂಕ ಅವರನ್ನು ಕೊನೆಯ ವರ್ಷಗಳಲ್ಲಿ ಬಿಡದೆ ಕಾಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ತಂತ್ರಾಂಶ ಹೊರಬರಲು ಅವರ ಒತ್ತಾಸೆಯೇ ದೊಡ್ಡದು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡಾಗ ಯುನಿಕೋಡ್ ನಮ್ಮ ಬಾಗಿಲವರೆಗೆ ಬಂದಿತ್ತು, ಒಳಗೆ ಪೂರ್ತಿ ಬಂದಿರಲಿಲ್ಲ.

1991ರ ಮೊದಲ ಯುನಿಕೋಡಿನಲ್ಲೇ ಕನ್ನಡಕ್ಕೆ 128 ಸ್ವಂತ ಸ್ಥಾನಗಳು ಸಿಕ್ಕಿದ್ದವು. ಆದರೆ ಸ್ಥಾನ ಸಿಕ್ಕ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದು, ಕಡತದಲ್ಲಿ ಆರು ಸಂಕೇತ. ‘ಸೂರ್ಯ’ದಲ್ಲಿ ರಕಾರ ಮೊದಲು ಬರುತ್ತದೆ, ಅರ್ಕಾವೊತ್ತು ಮಾತ್ರ ‘ಯ’ದ ಆಚೆ ಹೋಗಿ ಕೂರುತ್ತದೆ. ಈ ಜೋಡಣೆ ಬಲ್ಲ ವ್ಯವಸ್ಥೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂತು. ಜೊತೆಗೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’! ತೀರ್ಥಹಳ್ಳಿಯವರಿಗೆ ಖುಷಿಯಾಗುವ ಸಂಗತಿಯೇ, ಆದರೆ ಆ ಹೊಳೆಯ ಕಟ್ಟೆ ಮಾತ್ರ ಅಮೆರಿಕದ ಕಂಪನಿಯ ಸುಪರ್ದಿನಲ್ಲಿತ್ತು.

ಸ್ವತಂತ್ರ ತಂತ್ರಾಂಶದವರ ದಾರಿ ಬೇರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದ್ದು ಮೂಲ ಸಂಕೇತ ಎಲ್ಲರ ಕೈಗೂ ಸಿಗಬೇಕೆಂದು. ಅದೇ ಪರಂಪರೆಯ ‘ಜಿಎಡಿಟ್’ ಎಂಬ ಪಠ್ಯ ಸಂಪಾದಕವನ್ನು ಮೂಲದಿಂದಲೇ ಕಟ್ಟಿ ನೋಡೋಣವೆಂದು ನಾನು ಕೂತೆ. ಸರಳವಾಗಿ ಕಾಣುವ ಬರೆಯುವ ಹಲಗೆ ಅದು. ಮೊದಲು ಕಾನ್ಫಿಗರ್ ಹಂತ: ನಿನ್ನಲ್ಲಿ ಇದಿದೆಯೇ, ಅದಿದೆಯೇ ಎಂದು ಕಂಪ್ಯೂಟರನ್ನು ಒಂದೊಂದಾಗಿ ಕೇಳುತ್ತದೆ. ಕಿಟಕಿ, ಗುಂಡಿ ಬಿಡಿಸಲು ಜಿಟಿಕೆ. ಸಾಲುಗಳನ್ನು ಹೊಂದಿಸಲು ಪ್ಯಾಂಗೊ. ಒತ್ತಕ್ಷರ ಜೋಡಿಸಲು ಹಾರ್ಫ್‌ಬಜ್. ಒಂದು ಇಲ್ಲದಿದ್ದರೂ ಅಲ್ಲೇ ನಿಂತುಬಿಡುತ್ತದೆ. ಎಲ್ಲ ಸಿಕ್ಕ ಮೇಲೆ ಸಿ ಭಾಷೆಯ ಕಡತಗಳು ಯಂತ್ರಭಾಷೆಯಾಗುತ್ತವೆ. ಪರದೆಯ ತುಂಬ ಸಾಲುಗಳು ಹರಿಯುತ್ತಿರುವಾಗ ಕರೆಂಟು ಹೋಯಿತು. ಮಲೆನಾಡಿನಲ್ಲಿ ಇದನ್ನು ಅಡಚಣೆ ಎನ್ನುವಂತಿಲ್ಲ.

ಕನ್ನಡದ ಮೆನುಗಳು ಎಲ್ಲಿಂದ ಬರುತ್ತವೆ ಎಂದು ಹುಡುಕಿದಾಗ ಅನುವಾದಗಳ ಫೋಲ್ಡರಿನಲ್ಲಿ ಕನ್ನಡದ ಕಡತ ಸಿಕ್ಕಿತು. ಇಂಗ್ಲಿಷಿನ ಒಂದು ಸಾಲು, ಕೆಳಗೆ ಕನ್ನಡದ ಒಂದು ಸಾಲು, ಹೀಗೆ ಪುಟಗಟ್ಟಲೆ. ಯಾರೋ ಕೂತು ಬರೆದದ್ದು. ಕೆಲವು ಪದ ನನಗೆ ಒಗ್ಗಲಿಲ್ಲ, ತಿದ್ದಿದೆ, ಮತ್ತೆ ಕಟ್ಟಿದೆ. ಮೆನುವಿನಲ್ಲಿ ನನ್ನ ಪದ ಬಂತು. ನುಡಿಯಲ್ಲೋ ಬರಹದಲ್ಲೋ ಇಷ್ಟವಾಗದ ಪದ ಕಂಡಾಗ ನಾವು ಮಾಡುತ್ತಿದ್ದುದು ಗೊಣಗಾಟ ಮಾತ್ರ. ಎರಡೂ ಪುಕ್ಕಟೆ ಸಿಗುತ್ತಿದ್ದವು ನಿಜ, ಮುಚ್ಚಳ ತೆಗೆದು ನೋಡುವ ಅವಕಾಶ ನಮಗಿರಲಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ ಎಂಬ ವ್ಯತ್ಯಾಸಕ್ಕೆ ನಾವು ತೆತ್ತ ಬೆಲೆ ನನ್ನ ಆ ಹಳೆಯ ಕಡತ.

ಕಟ್ಟಿದ್ದು ನನಗಾಯಿತು, ಇನ್ನೊಬ್ಬರಿಗೆ ಕೊಡುವುದು ಹೇಗೆ? ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಮುಗಿಯಲಿಲ್ಲ. ರಾಶಿ, ಬೆಟ್ಟೆ ಎಂದು ಆರಿಸಿ ಮೂಟೆ ಕಟ್ಟಿದರಷ್ಟೇ ಮಂಡಿಯವರು ಮುಟ್ಟುತ್ತಾರೆ. 1993ರಲ್ಲಿ ಶುರುವಾದ ಡೆಬಿಯನ್‌ನಲ್ಲಿ ಮೂಟೆ ಕಟ್ಟುವ ಕ್ರಮ ಬಲು ಕಟ್ಟುನಿಟ್ಟು. ಹೆಸರೇನು, ಯಾವ ಆವೃತ್ತಿ, ಯಾವ್ಯಾವುದರ ಮೇಲೆ ಅವಲಂಬಿತ, ಏನು ಬದಲಾಯಿಸಿದ್ದೀರಿ, ಯಾರು ಹೊಣೆ, ಎಲ್ಲವನ್ನೂ ಬರೆಯಬೇಕು. ಮೂರು ಸಲ ತಿರಸ್ಕಾರವಾಗಿ ನಾಲ್ಕನೆಯ ಸಲ ಪೊಟ್ಟಣ ಸಿದ್ಧವಾಯಿತು. ಪೆನ್‌ಡ್ರೈವಿನಲ್ಲಿ ಹಾಕಿ ಗೆಳೆಯನ ಲ್ಯಾಪ್‌ಟಾಪಿಗೆ ಇಳಿಸಿದೆ, ಒಂದೇ ಆಜ್ಞೆಗೆ ಕೂತಿತು.

ಕೀಲಿಮಣೆಗಳ ಪಟ್ಟಿ ತೆರೆದರೆ ಅಲ್ಲಿ ‘ಕಗಪ’ ಇತ್ತು. ಕನ್ನಡ ಗಣಕ ಪರಿಷತ್ತು ಬೆಳೆಸಿದ, ಕೆ.ಪಿ. ರಾಯರ ಬೆರಳಿನ ಲೆಕ್ಕದ್ದೇ ವಿನ್ಯಾಸ, ಈಗ ಜಗತ್ತಿನ ಯಾವುದೇ ಲಿನಕ್ಸ್ ಯಂತ್ರದಲ್ಲೂ ಸಿಗುತ್ತದೆ. ಹಳೆಯ ಲೇಖನವನ್ನು ಪರಿವರ್ತಕಕ್ಕೆ ಹಾಕಿ ಹೊಸ ಹಲಗೆಯ ಮೇಲೆ ತೆರೆದೆ. ಪೌಂಡುಗಳೆಲ್ಲ ನಕಾರಗಳಾಗಿದ್ದವು. ‘ರ‍್ಯಾಂಕ್’ ಎಂದಿದ್ದಲ್ಲಿ ಮಾತ್ರ ‘ರ್ಯಾಂಕ್’ ಎಂದು ಅರ್ಕಾವೊತ್ತು ಬಂದು ಕೂತಿತ್ತು. ರಕಾರದ ಪಕ್ಕ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸಬೇಕು. ಹದಿನಾಲ್ಕು ಕಡೆ ಇತ್ತು, ಕೈಯಾರೆ ಸೇರಿಸುತ್ತ ಹೋದೆ.