ಹಳೆಯ ಇಟ್ಟಿಗೆಯ ಬೆಲೆ

ಕಳೆದ ತಿಂಗಳು ಅಕ್ಕನ ಮಗನಿಗೆಂದು ಹುಬ್ಬಳ್ಳಿಯ ಒಂದು ಮನೆಯಿಂದ ಹಳೆಯ ಲೆಗೋ ಇಟ್ಟಿಗೆಗಳನ್ನು ಆನ್‌ಲೈನಿನಲ್ಲಿ ಕೊಂಡೆ. ಒಂದು ಚೀಲ, ತೂಕದ ಲೆಕ್ಕಕ್ಕೆ, ಧಾರವಾಡದ ನನ್ನ ಕೋಣೆಗೆ ಬಂತು.

ಬಳಸಿದ ಆಟಿಕೆಗೂ ಬೆಲೆ ಉಳಿಯುವುದೇಕೆ? ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡತೊಡಗಿದ. ಮಗ ಗಾಟ್‌ಫ್ರೆಡ್ 1958ರ ಜನವರಿ 28ರಂದು, ಒಳಗೆ ಕೊಳವೆಗಳಿರುವ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಕೋರಿದ. ಅಂದಿನ ತುಂಡು ಇಂದಿನದಕ್ಕೂ ಕೂಡುತ್ತದೆ. ಈ ಅಳತೆಯ ನಿಷ್ಠೆಯೇ ಮರುಮಾರಾಟದ ಬುನಾದಿ. 2000ದಲ್ಲಿ ಬ್ರಿಕ್‌ಬೇ ಎಂಬ ಹೆಸರಿನಲ್ಲಿ ಶುರುವಾದ ಜಾಲತಾಣ, ಮುಂದೆ ಬ್ರಿಕ್‌ಲಿಂಕ್ ಆಗಿ ಜಗತ್ತಿನ ಹಳೆಯ ಇಟ್ಟಿಗೆಗಳ ಸಂತೆಯಾಯಿತು. 2019ರಲ್ಲಿ ಲೆಗೋ ಕಂಪನಿಯೇ ಅದನ್ನು ಕೊಂಡಿತು.

ನಮ್ಮಲ್ಲಿ ಸುಂಕದ ಕಾರಣವೂ ಇದೆ. ದೇಶಿ ತಯಾರಕರನ್ನು ಕಾಯಲೆಂದು ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. ಹೊಸ ಡಬ್ಬಿ ದುಬಾರಿಯಾದಾಗ ಹಳೆಯ ಚೀಲ ಹತ್ತಿರವಾಗುತ್ತದೆ.

ಆದರೆ ತೂಕಕ್ಕೆ ಮಾರಿದ್ದು ತನ್ನ ಕಥೆ ಕಳೆದುಕೊಳ್ಳುತ್ತದೆ. ಕಡತಗಳ ನಡುವೆ ಬದುಕುವ ನನಗೆ ಅದು ನಷ್ಟ. ಒಂದು ಹಳದಿ ಇಟ್ಟಿಗೆಯ ಬದಿಗೆ ಯಾರೋ ಬಾಲ್‌ಪೆನ್ನಿನಲ್ಲಿ ‘ನಂದು’ ಎಂದು ಬರೆದಿದ್ದರು. ಉಳಿದವನ್ನೆಲ್ಲ ತೊಳೆದೆ, ಅದನ್ನು ಬಿಟ್ಟೆ.