ಒಂದೇ ಉಸಿರಿನ ಹೆಸರುಗಳು: ಚಾಂದ್, ತಾಜ್, ನೂರ್

ಕಿಬ್ಬನಹಳ್ಳಿ ಕ್ರಾಸ್ ಎಂದು ಪೂರ್ತಿ ಹೇಳುವವರು ನಮ್ಮ ಕಡೆ ಕಡಿಮೆ. ಬಸ್ ಕಂಡಕ್ಟರಿಂದ ಹಿಡಿದು ಕೊಬ್ಬರಿ ಮಂಡಿಯವರವರೆಗೆ ಎಲ್ಲರಿಗೂ ಅದು ಕೆ.ಬಿ. ಕ್ರಾಸ್. ಊರಿನ ಹೆಸರನ್ನೇ ಮೊಟಕು ಮಾಡುವ ಜನ ಮಕ್ಕಳ ಹೆಸರನ್ನು ಬಿಟ್ಟಾರೆಯೇ? ಹೆಣ್ಣು ಮಗು ಹುಟ್ಟಿದರೆ "ಹೆಸರು ಚಿಕ್ಕದಾಗಿರಲಿ" ಎನ್ನುವ ತಂದೆ ತಾಯಂದಿರು ಇಂದು ಮನೆ ಮನೆಯಲ್ಲೂ ಇದ್ದಾರೆ. ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿಯುವ ನೂರ್, ಹೂರ್ ಮುಂತಾದ ಹೆಸರುಗಳನ್ನು ಕೇಳಿ ಹಿರಿಯರು ಇದು ಹೊಸ ಫ್ಯಾಷನ್ ಎಂದು ಗೊಣಗುತ್ತಾರೆ. ಆದರೆ ಇತಿಹಾಸದ ಪುಟಗಳನ್ನು ತಿರುವಿದರೆ ಹಿರಿಯರ ಮಾತು ನಿಲ್ಲುವುದಿಲ್ಲ.

ವಿಜಯಪುರಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಅಲ್ಲಿನ ಚಾಂದ್ ಬಾವಡಿ, ತಾಜ್ ಬಾವಡಿಗಳನ್ನು ನೋಡಿರಬಹುದು. ಎರಡೂ ರಾಣಿಯರ ಹೆಸರಿನ ಬಾವಿಗಳು. ಮೊದಲನೆಯದನ್ನು ಒಂದನೆಯ ಅಲಿ ಆದಿಲ್‌ಶಾಹ 1579ರಲ್ಲಿ ತನ್ನ ರಾಣಿ ಚಾಂದ್ ಬೀಬಿಯ ಹೆಸರಿನಲ್ಲಿ ಕಟ್ಟಿಸಿದ. ಮರುವರ್ಷ ಅವನು ತೀರಿಕೊಂಡಾಗ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ಇನ್ನೂ ಬಾಲಕ. ಅವನ ಪರವಾಗಿ ರಾಜ್ಯಭಾರ ನೋಡಿಕೊಂಡವಳು ಚಾಂದ್ ಬೀಬಿ. ಮುಂದೆ ತವರಾದ ಅಹಮದ್‌ನಗರದ ಕೋಟೆಯನ್ನು 1595-96ರಲ್ಲಿ ಅಕ್ಬರನ ಮಗ ಮುರಾದನ ಸೈನ್ಯದಿಂದ ಉಳಿಸಿದವಳೂ ಅವಳೇ. ಎರಡನೆಯ ಬಾವಿ 1620ರದು. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಗೌರವಾರ್ಥ ಮಲಿಕ್ ಸಂದಲ್ ಕಟ್ಟಿಸಿದ್ದು.

ಚಾಂದ್ ಎಂದರೆ ಚಂದ್ರ, ತಾಜ್ ಎಂದರೆ ಕಿರೀಟ, ನೂರ್ ಎಂದರೆ ಬೆಳಕು. ಇವು ಗಂಡಿಗೂ ಸಲ್ಲುವ ಹೆಸರುಗಳೆಂಬುದನ್ನು ಗಮನಿಸಬೇಕು. ನಮ್ಮಲ್ಲಿ ಚಾಂದ್ ಪಾಷ, ತಾಜ್ ಪಾಷ, ನೂರ್ ಅಹಮದ್ ಇದ್ದೇ ಇದ್ದಾರೆ. ಆದ್ದರಿಂದ ಹೆಣ್ಣೆಂದು ತಿಳಿಸಲು ಬೀಬಿ ಎಂಬ ಗೌರವದ ಪದ ಸೇರುತ್ತಿತ್ತು. ಬಾಯಲ್ಲಿ ಸವೆದು ಅದು 'ಬೀ' ಆಯಿತು. ನಮ್ಮ ಅಜ್ಜಿಯಂದಿರಲ್ಲಿ ಚಾಂದ್ ಬೀ, ನೂರ್ ಬೀ ಎಷ್ಟು ಜನ! ಇನ್ನೊಂದು ದಾರಿ 'ನಿಸಾ', ಅಂದರೆ ಸ್ತ್ರೀಯರು. ನೂರುನ್ನೀಸಾ ಎಂದರೆ ಸ್ತ್ರೀಯರ ನಡುವಿನ ಬೆಳಕು. ಮೊಮ್ಮಗಳ ಕಾಲಕ್ಕೆ ಬೀಯೂ ಹೋಯಿತು, ನಿಸಾ ಕೂಡ ಹೋಯಿತು. ಬೆಳಕೊಂದೇ ಉಳಿಯಿತು. ನನಗಂತೂ ಇದು ನಷ್ಟವೆನಿಸುವುದಿಲ್ಲ.

ಟಿಪ್ಪು ಸುಲ್ತಾನರ ವಂಶದ ನೂರುನ್ನೀಸಾ ಇನಾಯತ್ ಖಾನ್ (1914-1944) ಜಗತ್ತಿಗೆ ಪರಿಚಯವಾದದ್ದು ನೂರ್ ಎಂದೇ. ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದ ಅವರು 1943ರಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ನಿನ ರಹಸ್ಯ ವೈರ್‌ಲೆಸ್ ಆಪರೇಟರ್ ಆಗಿ ಹೋದರು. ಸೆರೆಸಿಕ್ಕು ಡಾಖಾವ್ ಶಿಬಿರದಲ್ಲಿ ಗುಂಡಿಗೆ ಬಲಿಯಾದರು. 1949ರಲ್ಲಿ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಬಂತು.

ನಮ್ಮ ತೋಟಗಳ ಕಡೆ ಈ ಚಿಕ್ಕ ಹೆಸರುಗಳ ಪಾಡು ಬೇರೆ. ಕನ್ನಡದ ಬಾಯಿಗೆ ಕೊನೆಯಲ್ಲಿ ಸ್ವರ ಬೇಕು. ತಾಜ್ ತಾಜು ಆಗುತ್ತದೆ, ನೂರ್ ನೂರು ಆಗುತ್ತದೆ. ನೂರು ಎಂದರೆ ಲೆಕ್ಕದ ನೂರೇ! ನಕ್ಕು ಸುಮ್ಮನಾಗಬಹುದಿತ್ತು, ಆದರೆ ಅದೇ ರೂಪ ಕಾಗದಕ್ಕೂ ಏರುತ್ತದೆ. ನಮ್ಮ ಅಜ್ಜಿಯ ಹೆಸರಿನ ಕೊನೆಯ ಬೀ ಪಹಣಿಯಲ್ಲಿ ಒಂದು ಚುಕ್ಕೆ ಸೇರಿಸಿಕೊಂಡು ಇನಿಷಿಯಲ್ ಆಗಿಬಿಟ್ಟಿತ್ತು. ರೇಷನ್ ಕಾರ್ಡಿನಲ್ಲಿ ಜಾನ್ ಸೇರಿತ್ತು, ಆಧಾರಿನಲ್ಲಿ ನಿಸಾ. ಅವರು ತೀರಿಕೊಂಡ ಮೇಲೆ ತೆಂಗಿನ ತೋಟದ ಪೌತಿ ಖಾತೆಗೆ ಓಡಾಡಿದಾಗ, ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ತಂದೆಯವರು ಒಂದು ವರ್ಷ ಅಲೆದರು.

ಈಗ ಹುಟ್ಟುವ ನೂರ್‌ಗಳಿಗೆ ಈ ಅಲೆದಾಟ ತಪ್ಪಬೇಕಾದರೆ ಮೊದಲ ಕಾಗದದಲ್ಲೇ ಹೆಸರು ಸರಿಯಾಗಿ ಬೀಳಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಆಧಾರ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರವಾಗಿದೆ. ಜನನ ನೋಂದಣಿಯಾಗಿ ಹೆಸರಿನ ಜಾಗ ಖಾಲಿ ಉಳಿದಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಬರೆಸಬಹುದು. ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ಅವಕಾಶವಿದೆ. ಅರ್ಜಿಯಲ್ಲಿ ನೂರ್ ಎಂದು ಬರೆಯುವಾಗ ಕೊನೆಯ ರಕಾರಕ್ಕೆ ಕೊಂಬು ಬಿದ್ದಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.